ಪಂಕಾ ಬಿದ್ದ ಬೇಸಿಗೆ

ಧಾರವಾಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ. ರೋಣದ ಹತ್ತಿ ವ್ಯಾಪಾರಿ ಅಂದಾನೆಪ್ಪನ ಮನೆಯ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಪಂಕಾ ಕಳಚಿ ಬಿತ್ತು.

ಅವನ ಅಜ್ಜ ಹಾಕಿಸಿದ ಪಂಕಾ ಅದು. ತೊಲೆಯಿಂದ ಅಡ್ಡಲಾಗಿ ತೂಗುಬಿಟ್ಟ ಉದ್ದನೆಯ ಸಾಗವಾನಿ ಹಲಗೆ, ಹಲಗೆಗೆ ನಿರಿಗೆ ಹಿಡಿದು ಹೊಲಿದ ದಪ್ಪ ಬಟ್ಟೆ, ಗೋಡೆಯ ತೂತಿನೊಳಗಿಂದ ಕಟ್ಟೆಗೆ ಹೋದ ಹಗ್ಗ. ಹೊರಗೆ ಕೂತು ಆಳು ಪರಶಪ್ಪ ಹಗ್ಗ ಎಳೆದರೆ ಒಳಗೆ ಗಾದಿಯ ಮೇಲೆ ಕೂತವರ ಬೆವರು ಆರುತ್ತಿತ್ತು. ತೊಲೆಗೆ ಗೆದ್ದಲು ಹತ್ತಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಅಂದಾನೆಪ್ಪ ಊಟಕ್ಕೆಂದು ಎದ್ದು ಕೈಕಾಲು ತೊಳೆಯಲು ಹೋಗಿದ್ದ. ಅಷ್ಟರಲ್ಲಿ ಹಲಗೆ, ಬಟ್ಟೆ, ಮಾಳಿಗೆಯ ಮೇಲ್ಮುದ್ದೆಯ ಮಣ್ಣು ಎಲ್ಲಾ ಒಟ್ಟಿಗೆ ಅವನು ಕೂತಿದ್ದ ಜಾಗದ ಮೇಲೆಯೇ ಇಳಿದವು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಳಕವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಧೂಳಿನಾಚೆ ಗಂಡ ಒದ್ದೆ ಕಾಲಲ್ಲಿ ನೆಟ್ಟಗೆ ನಿಂತಿದ್ದ. ಉಸಿರು ಬಿಟ್ಟಳು. ಮರುಗಳಿಗೆಗೇ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬೆಂಕಿ ಏರಿದಂತಾಗಿ ಮುಖವೆಲ್ಲ ಬೆವೆತಿತು. ಅಂಜಿಕೆಗೆ ಹೀಗಾಯಿತು ಎಂದು ಉಳಿದವರು ತಿಳಿದರು. ಅಂಜಿಕೆಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ದೀಪಾವಳಿಯಿಂದಲೂ ಆ ಬೆಂಕಿ ಹೊತ್ತುಗೊತ್ತಿಲ್ಲದೆ ಬಂದು ಹೋಗುತ್ತಿತ್ತು.

ಕಳಕವ್ವನ ತವರು ಗಜೇಂದ್ರಗಡ. ಗುಡ್ಡದ ಗಾಳಿ ಅಲ್ಲಿ ಯಾರಪ್ಪಣೆಯನ್ನೂ ಕೇಳದೆ ಮನೆಯೊಳಗೆ ನುಗ್ಗುತ್ತದೆ. ಹಗ್ಗದ ಹೊರಸಿನ ಮೇಲೆ ಒಣಹಾಕಿದ ಸೀರೆ ಅಂಗಳ ದಾಟಿ ಹೋಗಿರುತ್ತದೆ. ರೋಣಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ಮೊದಲು ಕಂಡದ್ದು ಈ ಮನೆಯ ಗೋಡೆಗಳು. ಮೊಳಗಟ್ಟಲೆ ದಪ್ಪ. ಪಡಸಾಲೆಗೆ ಬಾಗಿಲುಂಟು, ಪಂಕಾ ಉಂಟು. ನಡುಮನೆಗೆ, ಅಡುಗೆಮನೆಗೆ ಮಾಳಿಗೆಯ ಬೆಳಕಿಂಡಿಯೊಂದೇ. ಅದರಿಂದ ಬೆಳಕು ಇಳಿಯುತ್ತಿತ್ತು, ಗಾಳಿ ಇಳಿಯುತ್ತಿರಲಿಲ್ಲ. ಮಗಳನ್ನು ಹೆತ್ತಳು, ಬೆಳೆಸಿದಳು, ನರಗುಂದಕ್ಕೆ ಕೊಟ್ಟಳು. ಇಷ್ಟು ವರ್ಷ ಆ ಉಸಿರುಕಟ್ಟಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಮಾತ್ರ ಕೂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು. ರೊಟ್ಟಿ ಹಂಚಿನ ಮೇಲಿರುವಾಗಲೇ ಎದ್ದು ಹಿತ್ತಲಿಗೆ ಹೋಗುವಳು, ಮುಖಕ್ಕೆ ನೀರು ಚಿಮುಕಿಸಿ ಬರುವಳು, ಅಷ್ಟರಲ್ಲಿ ರೊಟ್ಟಿ ಕರಕಾಗಿರುವುದು. ಸೆರಗನ್ನು ಹೊದ್ದರೆ ಸುಡುವುದು, ಜಾರಿಸಿದರೆ ಅತ್ತೆ ನೀಲವ್ವನ ಕಣ್ಣು ಸುಡುವುದು.

“ಏನವಾ, ಕಾಲಿಗೆ ಚಕ್ರ ಕಟಗೊಂಡೀ ಏನ? ಒಂದ ಕಡಿ ಕುಂಡ್ರಬಾರದ?” ಎನ್ನುವಳು ನೀಲವ್ವ.

“ಸೆಕಿ ಅತ್ತೀ.”

“ನಮಗಿಲ್ಲದ ಸೆಕಿ ನಿನಗ ಎಲ್ಲಿಂದ ಬಂತ?”

ಕಳಕವ್ವ ತಂಬಿಗೆ ಹಿಡಿದು ಮತ್ತೆ ಹಿತ್ತಲಿಗೆ ನಡೆಯುವಳು.

ಬಿದ್ದ ಪಂಕಾದ ಬದಲಿಗೆ ಏನು ಎಂಬ ಮಾತು ಮನೆಯಲ್ಲಿ ಯುಗಾದಿಗೂ ಮುಗಿಯಲಿಲ್ಲ. ತೊಲೆ ಬದಲಿಸಿ ಅದೇ ಪಂಕಾ ಹಾಕಬೇಕೆಂದು ನೀಲವ್ವನ ಹಟ. ಆದರೆ ಹಗ್ಗ ಎಳೆಯುವ ಪರಶಪ್ಪನಿಗೆ ಭುಜ ಹಿಡಿದುಕೊಂಡಿತ್ತು. ಅವನು ಮೆಣಸಗಿಗೆ, ಮಗಳ ಮನೆಗೆ, ಹೊರಟು ನಿಂತಿದ್ದ. ನರಗುಂದದ ಬೀಗರು ಬಂದವರು ಲಾವಂಚದ ತಟ್ಟಿಯ ಗುಣ ಹಾಡಿದರು. ಬಾಗಿಲಿಗೆ ಕಟ್ಟಿ ನೀರು ಹೊಡೆದರೆ ಸಾಕು, ತಂಪಿಗೆ ತಂಪು, ವಾಸನೆಗೆ ವಾಸನೆ. ಒಳಗಿನಿಂದ ಕೇಳುತ್ತಿದ್ದ ಕಳಕವ್ವನಿಗೆ ತಟ್ಟಿ ಕಾಣಲಿಲ್ಲ, ಕೆರೆಯಿಂದ ಹೊತ್ತು ತರಬೇಕಾದ ಕೊಡಗಳ ಸಾಲು ಕಂಡಿತು. ಅಂದಾನೆಪ್ಪನಿಗೆ ಕರೆಂಟಿನ ಫ್ಯಾನಿನ ಮೇಲೆ ಮನಸ್ಸು. ಆದರೆ ಕರೆಂಟು ಗದಗಿನಿಂದ ಇತ್ತ ಇನ್ನೂ ಹೊರಟಿರಲಿಲ್ಲ. ಇವತ್ತು ಒಬ್ಬರು ಬಂದು ಕಂಬ ಬಂತು ಅನ್ನುವರು, ನಾಳೆ ಇನ್ನೊಬ್ಬರು ಇಲ್ಲ ಅನ್ನುವರು. ಗದಗಿನಲ್ಲಿ ಸೀಮೆಎಣ್ಣೆಯಿಂದ ತಿರುಗುವ ಫ್ಯಾನು ಬಂದಿದೆ ಎಂಬ ಸುದ್ದಿ ಬಂದಾಗ ಅವನು ಬಸ್ಸು ಹತ್ತಲು ತಯಾರಾದ.

“ನನ್ನೂ ಕರಕೊಂಡ ಹೋಗ್ರಿ. ದವಾಖಾನಿಗೆ ತೋರಿಸ್ಕೊಬೇಕು,” ಎಂದಳು ಕಳಕವ್ವ.

ಮದುವೆಯಾದಾಗಿನಿಂದ ಅವಳು ತಾನಾಗಿ ದವಾಖಾನೆಯ ಹೆಸರು ಎತ್ತಿದವಳಲ್ಲ. ಅಂದಾನೆಪ್ಪ ಗಾಬರಿಯಾಗಿ ಹೂಂ ಅಂದ.

ಗದಗಿನ ಹೆಣ್ಣು ಡಾಕ್ಟರು ಅವಳ ಕೈ ಹಿಡಿದು ಎಲ್ಲಾ ಕೇಳಿದರು. ಮುಟ್ಟು ನಿಲ್ಲುವ ಕಾಲಕ್ಕೆ ಹಲವು ಹೆಂಗಸರಿಗೆ ಹೀಗಾಗುತ್ತದೆ, ರೋಗವಲ್ಲ, ಎಷ್ಟು ದಿನ ಇರುತ್ತದೆಂದು ಹೇಳಲಾಗದು, ತಾನಾಗಿ ಇಳಿಯುತ್ತದೆ ಎಂದರು. “ಒಲಿ ಮುಂದ ಭಾಳ ಹೊತ್ತು ಕುಂಡ್ರಬ್ಯಾಡ್ರಿ. ಗಾಳಿ ಆಡೋ ಕಡೆ ಇರ್ರಿ,” ಎಂದರು. ಕಳಕವ್ವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹೆಸರಿರುವ ಸಂಗತಿ ಇದು, ತನಗೊಬ್ಬಳಿಗೇ ಬಂದದ್ದಲ್ಲ. ಹೊರಗೆ ಕಾಯುತ್ತಿದ್ದ ಗಂಡನಿಗೆ ಮಾತ್ರ ಹೆಚ್ಚು ಹೇಳಲಿಲ್ಲ. “ಗಾಳಿಗೆ ಇರಬೇಕಂತ,” ಎಂದಳು.

ಖಾಜಾಸಾಬನ ಅಂಗಡಿಯಲ್ಲಿ ಆ ಫ್ಯಾನು ಮೇಜಿನ ಮೇಲಿತ್ತು. ಕೆಳಗೆ ಹಿತ್ತಾಳೆಯ ಬುರುಡೆ, ಅದರೊಳಗೆ ಬತ್ತಿ, ಮೇಲೆ ರೆಕ್ಕೆಗಳು. ಖಾಜಾಸಾಬ ಬತ್ತಿ ಹೊತ್ತಿಸಿ ಬೆರಳಿಂದ ರೆಕ್ಕೆಯನ್ನು ನೂಕಿದ. ಅದು ಆಕಳಿಸುವಂತೆ ಒಂದು ಸುತ್ತು ಸುತ್ತಿತು, ಇನ್ನೊಂದು ಸುತ್ತಿತು, ಆಮೇಲೆ ತನ್ನಷ್ಟಕ್ಕೆ ತಿರುಗತೊಡಗಿತು.

“ಮುಂದ ಬರ್ರಿ ಅಕ್ಕಾರ, ಗಾಳಿ ನೋಡ್ರಿ,” ಎಂದ.

ಕಳಕವ್ವ ಹತ್ತಿರ ಹೋದಳು. ಮುಖಕ್ಕೆ ಗಾಳಿ ಬಡಿಯಿತು. ಹಣೆಯ ಕೂದಲು ಹಾರಿತು. ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಅಷ್ಟರಲ್ಲಿ ಕೆಳಗಿನ ಬತ್ತಿಯ ಕಾವು ಹೊಟ್ಟೆಗೆ ತಗುಲಿತು, ಎಣ್ಣೆಯ ನಾತ ಮೂಗಿಗೆ ಹೊಡೆಯಿತು.

“ಮ್ಯಾಲೆ ಗಾಳಿ, ಕೆಳಗ ಒಲಿ. ಒಲಿ ನಮ್ಮನ್ಯಾಗ ಐತಲ್ರಿ,” ಎಂದಳು.

ಖಾಜಾಸಾಬ ಜೋರಾಗಿ ನಕ್ಕ. ಅಂದಾನೆಪ್ಪ ನಗಲಿಲ್ಲ. ಅವನಿಗೆ ಆ ಯಂತ್ರದ ಹಿತ್ತಾಳೆಯ ಹೊಳಪು ಆಗಲೇ ಹಿಡಿಸಿಬಿಟ್ಟಿತ್ತು.

“ಎಲ್ಲಿ ಇಡೋದ್ರಿ ಇದನ್ನ?” ಎಂದು ಕೇಳಿದಳು.

“ಪಡಸಾಲ್ಯಾಗ. ಮತ್ತೆಲ್ಲಿ?”

“ಅಡಗಿ ಮನಿಗೆ ಏನೂ ಬ್ಯಾಡೇನ್ರಿ?”

“ಅಡಗಿ ಮನಿಗೆ ಫ್ಯಾನ್ ಯಾರ ಹಾಕ್ತಾರ?”

“ಫ್ಯಾನ್ ಬ್ಯಾಡ. ಸಂದಿ ಕಡೆ ಗ್ವಾಡಿಗೆ ಒಂದು ಕಿಡಕಿ ಇಡಸ್ರಿ. ನನಗ ಅಷ್ಟ ಸಾಕು.”

ಅಂಗಡಿಯವನ ಎದುರು ಹೆಂಡತಿ ಹೀಗೆ ಮಾತಾಡಿದ್ದು ಅಂದಾನೆಪ್ಪನಿಗೆ ಮುಜುಗರವಾಯಿತು. “ಮನಿಗೆ ಹೋಗಿ ಮಾತಾಡೋಣ,” ಎಂದು ಫ್ಯಾನು ಕಟ್ಟಿಸಿದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಕಳಕವ್ವ ಕಿಟಕಿಯ ಪಕ್ಕ ಕೂತು ಮುಖವನ್ನು ಹೊರಗೆ ಹಿಡಿದೇ ಬಂದಳು. ಎರೆಹೊಲದ ಬಿಸಿಗಾಳಿಯೇ ಆದರೂ ಗಾಳಿ ಗಾಳಿಯೇ.

ಮನೆಗೆ ಬಂದ ಮೇಲೆ ಮಾತು ಆಯಿತು, ಆಡಿದವಳು ಮಾತ್ರ ನೀಲವ್ವ. “ನಿಮ್ಮ ಮಾವ ಇದ್ದಾಗ ಆ ಗ್ವಾಡಿಗೇ ಕಳ್ಳರು ಕನ್ನಾ ಹಾಕಿದ್ರು, ಗೊತ್ತೈತಿಲ್ಲೋ? ಸಂದ್ಯಾಗ ಅಡ್ಡಾಡೋ ಮಂದಿ ನಾವು ಉಣ್ಣೋ ಗಂಗಾಳ ನೋಡ್ಕೋತ ಹೋಗಬೇಕೇನ? ನಾ ಇರೋತನಕ ಆ ಗ್ವಾಡಿ ಮುಟ್ಟಬ್ಯಾಡ್ರಿ.” ಅಂದಾನೆಪ್ಪ ತಾಯಿಯ ಮಾತು ಮೀರುವವನಲ್ಲ. ಫ್ಯಾನಿನ ಬತ್ತಿ ಸರಿಮಾಡುತ್ತಾ ಕೂತ.

ಆಮೇಲಿನ ದಿನಗಳಲ್ಲಿ ಕಳಕವ್ವ ಮನೆಯೊಳಗೆ ಕಟ್ಟಿಹಾಕಿದ ಕರುವಿನಂತಾದಳು. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಹತ್ತಿಯವರು ಅದರ ಸುತ್ತ ಕೂತು ಹೊಗಳುತ್ತಿದ್ದರು, ಕೆಮ್ಮುತ್ತಲೂ ಇದ್ದರು. ಅವಳು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಹಿತ್ತಲಿಗೆ, ಮತ್ತೆ ಒಲೆಯ ಮುಂದೆ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕೈಯಲ್ಲಿದ್ದ ತಂಬಿಗೆ ಎಲ್ಲಿಟ್ಟೆನೆಂದು ಮರೆತು ಹುಡುಕಿದಳು. ಓಣಿಯವರು ಏನೋ ಕೇಳಿದ್ದಕ್ಕೆ ಸಿಡಿದುಬಿದ್ದು, ಆಮೇಲೆ ಒಬ್ಬಳೇ ಅತ್ತಳು. ಗೋಡೆಯನ್ನು ನೋಡುವಳು, ಬೆನ್ನು ತಿರುಗಿಸುವಳು, ಮತ್ತೆ ನೋಡುವಳು. ಆ ಗೋಡೆಯಲ್ಲಿ ದೀಪ ಇಡುವ ಗೂಡೊಂದಿತ್ತು. ಗೂಡಿನ ಮೇಲೆ ಗೋಡೆಯ ಭಾರ ಹೊತ್ತ ಅಗಲವಾದ ಚಪ್ಪಡಿ ಕಲ್ಲು. ಗೂಡಿನೊಳಗೆ ಕಿವಿ ಇಟ್ಟರೆ ಆಚೆಯ ಸಂದಿಯಲ್ಲಿ ಎಮ್ಮೆ ನಡೆದದ್ದು ಕೇಳುವಷ್ಟು ಗೋಡೆ ಅಲ್ಲಿ ತೆಳ್ಳಗಿತ್ತು.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಪಡುವಣ ಗಾಳಿ ಎದ್ದು ಹೊರಗೆ ಬೇವಿನ ಮರ ತೂರಾಡುತ್ತಿತ್ತು. ಒಳಗೆ ಒಲೆಯ ಹೊಗೆ ನೆಟ್ಟಗೆ ನಿಂತಿತ್ತು. ಅತ್ತೆ ಇಟಗಿಗೆ ಭೀಮಾಂಬಿಕೆಯ ದರ್ಶನಕ್ಕೆಂದು ಬೆಳಿಗ್ಗೆಯೇ ಹೋಗಿದ್ದಳು, ಗಂಡ ಪ್ಯಾಟೆಯಲ್ಲಿದ್ದ. ಹಿತ್ತಲಲ್ಲಿ ಕೂಲಿಯ ಸಣ್ಣವ್ವ ಜೋಳ ಕೇರುತ್ತಿದ್ದಳು. ಬೆಂಕಿ ಮತ್ತೆ ಎದೆಯಿಂದ ಏರಿತು. ಕಳಕವ್ವ ಎದ್ದು ಕೊಟ್ಟಿಗೆಯ ಮೂಲೆಯಲ್ಲಿದ್ದ ಹಾರೆಯನ್ನು ತಂದಳು, ಗೂಡಿನಿಂದ ದೀಪ ಎತ್ತಿ ಕೆಳಗಿಟ್ಟಳು, ಕುಟ್ಟಿದಳು.

ಮೊದಲು ಸುಣ್ಣದ ಹಕ್ಕಳೆ ಉದುರಿತು, ಆಮೇಲೆ ಮಣ್ಣು. ಸದ್ದಿಗೆ ಸಣ್ಣವ್ವ ಮೊರ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು.

“ಏನ್ರಿ ಎವ್ವಾ, ನಿಮ್ಮ ಮನಿಗೆ ನೀವ ಕನ್ನಾ ಹಾಕಾಕತ್ತೀರಿ!”

“ಸುಮ್ನಿರ ಸಣ್ಣವ್ವಾ. ಇಲ್ಲಾಂದ್ರ ಒಳಗ ಬಂದು ಮಣ್ಣ ಎತ್ತು.”

ಸಣ್ಣವ್ವ ಒಂದು ಗಳಿಗೆ ನೋಡಿದಳು. ಮೊರವನ್ನು ಗೋಡೆಗಾನಿಸಿ, ಸೀರೆಯನ್ನು ಮೇಲೆ ಸಿಕ್ಕಿಸಿ ಬುಟ್ಟಿ ತಂದಳು. ಕಳಕವ್ವನ ಅಂಗೈ ಕಿತ್ತುಬಂದಾಗ ಹಾರೆ ಸಣ್ಣವ್ವನ ಕೈಗೆ ಹೋಯಿತು. ಅವಳ ತೋಳು ಸೋತಾಗ ಮತ್ತೆ ಇವಳ ಕೈಗೆ. ಕಡೆಗೆ ಒಂದು ಕಲ್ಲು ಅಲ್ಲಾಡಿತು. ಇಬ್ಬರೂ ಕೂಡಿ ನೂಕಿದರು. ಕಲ್ಲು ಸಂದಿಗೆ ಬಿತ್ತು, ತೂತಿನಿಂದ ಗಾಳಿ ನುಗ್ಗಿತು. ಒಲೆಯ ಬೂದಿ ಎದ್ದು ಇಬ್ಬರ ಮುಖಕ್ಕೂ ಹಾರಿತು, ರೊಟ್ಟಿ ಬುಟ್ಟಿಯ ಮೇಲಿನ ಬಟ್ಟೆ ಹಾರಿ ರೊಟ್ಟಿಗಳ ಮೇಲೆ ಮಣ್ಣು ಕೂತಿತು. ಕಳಕವ್ವ ಮಣ್ಣಿನ ರಾಶಿಯ ಮೇಲೆ ಕುಸಿದು ಕೂತಳು. ಸೆರಗು ಎಲ್ಲಿತ್ತೋ. ಸಣ್ಣವ್ವ ಅವಳ ಪಕ್ಕದಲ್ಲಿ ಕೂತು, “ಖರೇನ ತಂಪ ಐತ್ರಿ ಎವ್ವಾ,” ಎಂದಳು.

ಆಮೇಲೆ ಅಂಜಿಕೆ ಬಂತು. ಸಣ್ಣವ್ವ ಮನೆಗೆ ಹೋದ ಮೇಲೆ ಇನ್ನಷ್ಟು ಬಂತು. ಕಳಕವ್ವ ಮಣ್ಣು ಗುಡಿಸಿದಳು, ಹೊಸದಾಗಿ ರೊಟ್ಟಿ ಮಾಡಲು ಹೋಗಿ ಹಿಟ್ಟು ಕಲಸಿ ಹಾಗೇ ಬಿಟ್ಟಳು, ಬಾಗಿಲಿಗೆ ಹೋಗಿ ಬಂದಳು, ಮತ್ತೆ ಹೋದಳು.

ಸಂಜೆಗೆ ಅಂದಾನೆಪ್ಪನೇ ಮೊದಲು ಬಂದ. ತೂತನ್ನು ನೋಡಿದ, ಹೆಂಡತಿಯ ಅಂಗೈ ನೋಡಿದ. “ಅವ್ವಗ ಏನ್ ಹೇಳ್ತೀ?” ಎಂದಷ್ಟೇ ಕೇಳಿದ.

“ಇದ್ದದ್ದ ಹೇಳ್ತೀನ್ರಿ. ನನ್ನ ಮೈ ಸುಡತೈತಿ. ಡಾಕ್ಟರ ಹೇಳ್ಯಾರ, ಈ ವಯಸ್ಸಿಗೆ ಹೆಂಗಸರಿಗೆ ಹಿಂಗ ಆಗತೈತಂತ. ನಾ ಸೊಕ್ಕಿಗೆ ಮಾಡಿಲ್ಲ.”

ಅವಳು ಹಾಗೆ ಹೇಳುವಾಗ ನೀಲವ್ವ ಇಟಗಿಯಿಂದ ಬಂದು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. ಇಬ್ಬರೂ ಬೈಗುಳಕ್ಕೆ ಕಾದರು. ಮುದುಕಿ ಪ್ರಸಾದದ ಗಂಟನ್ನು ಕೆಳಗಿಟ್ಟು ತೂತಿನ ಹತ್ತಿರ ಹೋಗಿ ಕೈ ಒಡ್ಡಿದಳು. ಮಗನ ಕಡೆ ತಿರುಗಿ, “ನೀ ಹೊರಗ ನಡಿಯಪಾ,” ಎಂದಳು. ಅವನು ಹೋದ.

“ನನಗೂ ಬಂದಿತ್ತು,” ಎಂದಳು ಸೊಸೆಗೆ, ದನಿ ಇಳಿಸಿ. “ನೀರಿನ ಗಡಿಗಿಗೆ ಗಲ್ಲ ಹಚ್ಚಿ ನಿಂತಿರತಿದ್ದೆ. ನಿಮ್ಮ ಮಾವ ನೋಡಿ, ಇಕಿಗೆ ಹುಚ್ಚ ಹಿಡದೈತಿ ಅಂದ್ರು. ಆಮ್ಯಾಲೆ ನಾ ಯಾರಿಗೂ ಹೇಳಲಿಲ್ಲ.”

“ಮತ್ತ ನನಗರೆ ಹೇಳಬಾರದಿತ್ತೇನ್ರಿ ಅತ್ತೀ? ಸೆಕಿ ಎಲ್ಲಿಂದ ಬಂತ ಅಂತ ಕೇಳಿದ್ರಲ್ಲಾ.” ಕಳಕವ್ವನ ದನಿಯಲ್ಲಿ ಸಿಟ್ಟಿತ್ತು.

ನೀಲವ್ವ ಪ್ರಸಾದದ ಗಂಟಿನ ಮುಂದೆ ಕೂತಳು. “ಬೆಳಗಾದ ಮ್ಯಾಲೆ ಬಡಿಗ್ಯಾನ ಕರಸು. ಕಬ್ಬಣದ ಸಳಿ ಹಾಕಸು. ಕಳ್ಳರಂತೂ ಬರತಾರ,” ಎಂದು ಪ್ರಸಾದ ಬಿಚ್ಚತೊಡಗಿದಳು.

ಬಡಿಗ ಬಂದು ಚೌಕಟ್ಟು ಕೂರಿಸಿದ, ಸಳಿ ಹಾಕಿದ. ಸೀಮೆಎಣ್ಣೆಯ ಫ್ಯಾನು ಆ ಮಳೆಗಾಲ ಮುಗಿಯುವುದರೊಳಗೆ ಮಾಳಿಗೆಯ ಕೋಣೆ ಸೇರಿತು; ಅದರ ನಾತಕ್ಕೆ ಹತ್ತಿಯವರು ಕಟ್ಟೆಯ ಮೇಲೇ ಕೂತು ವ್ಯವಹಾರ ಮುಗಿಸಿ ಹೋಗುತ್ತಿದ್ದರು. ಕೆಲವು ವರ್ಷಕ್ಕೆ ಕರೆಂಟೂ ಬಂತು, ಪಡಸಾಲೆಗೆ ಅಂದಾನೆಪ್ಪ ಬಯಸಿದ ಫ್ಯಾನೂ ಬಂತು. ಕಳಕವ್ವನ ಬೆಂಕಿ ಮಾತ್ರ ಅಷ್ಟು ಬೇಗ ಆರಲಿಲ್ಲ. ಮುಂದಿನ ಬೇಸಿಗೆಗೂ ಬಂತು, ಅದರಾಚೆಗೂ ಇತ್ತು. ಏಳುವಳು, ಕಿಟಕಿಗೆ ಹೋಗಿ ನಿಲ್ಲುವಳು, ತುಸು ಇಳಿದ ಮೇಲೆ ಬಂದು ಕೂಡುವಳು.

ಆದರೆ ಕಿಟಕಿಯ ಕೆಳಗೆ ಜಾಗ ಸಿಗುವುದೇ ಕಷ್ಟವಾಯಿತು. ನೀಲವ್ವ ತನ್ನ ಹೊರಸನ್ನು ಅಲ್ಲಿಗೇ ಎಳೆಸಿಕೊಂಡಿದ್ದಳು. ಸಣ್ಣವ್ವ ಜೋಳದ ಮೊರವನ್ನು ಅಲ್ಲಿಗೇ ತರುವಳು. ಸಂದಿಯಲ್ಲಿ ಹೋಗುವ ಹೆಂಗಸರು ಸಳಿ ಹಿಡಿದು ನಿಂತು ಮಾತಿಗೆ ತೊಡಗಿದರೆ ಬಂದ ಗಾಳಿಯೂ ಅಲ್ಲೇ ತಡೆಯುವುದು. ಒಂದು ದಿನ ಕಳಕವ್ವ ಬೇಸತ್ತು ನಡುಮನೆಗೆ ಎದ್ದು ಹೋದಳು. ಅಲ್ಲಿನ ಪಡುವಣ ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟಳು. ಪಡಸಾಲೆಯಿಂದ ಅಂದಾನೆಪ್ಪ ಕೂಗಿ ಕೇಳಿದ:

“ಏನ್ ಮಾಡಾಕತ್ತೀ ಅಲ್ಲೆ?”

“ಬಡಿಗ್ಯಾಗ ಹೇಳಿ ಕಳಸ್ರಿ,” ಎಂದಳು ಕಳಕವ್ವ. “ಈ ಸಲ ನನ್ನ ಕೈಲೆ ಕುಟ್ಟೂದು ಆಗೂದಿಲ್ಲ.”