ನಾನು ಅಳಿಸಿದ ಫೈಲು

ಆ ಮನುಷ್ಯನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಧಾರವಾಡದವರು, ನನಗಿಂತ ಹತ್ತು ವರ್ಷ ಹಿರಿಯರು, ಅಮೆರಿಕದ ಸಮರ್‌ಸೆಟ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಕ್ಯೂಬಿಕಲ್. ಐಟಿ ಭರಾಟೆಯ ಆ ವರ್ಷಗಳಲ್ಲಿ ನಾವಿಬ್ಬರೂ ಲಿನಕ್ಸ್ ಮೇಲೆ ಓಡುವ ರೂಟರ್‌ಗಳಿಗೆ ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಸಿದ್ಧಪಡಿಸುತ್ತಿದ್ದೆವು. ಅವರಿಗೂ ನನ್ನ ಮೇಲೆ ಪ್ರೀತಿಯೇನಿರಲಿಲ್ಲ. ಬೆನ್ನ ಹಿಂದೆ ನನ್ನನ್ನು "ಪುಸ್ತಕದ ಶಾಣ್ಯಾ" ಎನ್ನುತ್ತಿದ್ದರು.

ಜಗಳ ಹತ್ತಿದ್ದು ಒಂದು ಫೈಲಿಗೆ. ಕರ್ನಲ್ ತನ್ನೊಳಗಿನ ಕೆಲವು ಸಂಖ್ಯೆಗಳನ್ನು ಹೊರಗಿನ ಪ್ರೋಗ್ರಾಮ್‌ಗಳು ಓದಲಿ, ಬದಲಿಸಲಿ ಎಂದು ಸಣ್ಣ ಫೈಲುಗಳ ರೂಪದಲ್ಲಿ ತೆರೆದಿಡುತ್ತದೆ. ಅಂಥದೊಂದು ಫೈಲಿನಲ್ಲಿ, ರವಾನೆಗಾಗಿ ಸಾಲಿನಲ್ಲಿ ಎಷ್ಟು ಡೇಟಾ ಪ್ಯಾಕೆಟ್ ಕಾಯಬಹುದೆಂಬ ಮಿತಿ ಇತ್ತು. ಹೊಸ ಕರ್ನಲ್ ಆ ಮಿತಿಯನ್ನು ತಾನೇ ನಿರ್ಧರಿಸುತ್ತಿದ್ದರಿಂದ ಫೈಲಿಗೆ ಅರ್ಥವೇ ಉಳಿದಿರಲಿಲ್ಲ. ಅಳಿಸಿಬಿಟ್ಟೆ. ಹೊಸ ಆವೃತ್ತಿ ಹಾಕಿಕೊಂಡ ಗಿರಾಕಿಯೊಬ್ಬರ ರೂಟರ್‌ಗಳು ಶುರುವಾಗಲೇ ಇಲ್ಲ. ರೂಟರ್ ಶುರುಮಾಡಲು ಅವರು ಬರೆದುಕೊಂಡಿದ್ದ ಸ್ಕ್ರಿಪ್ಟ್ ಮೊದಲು ಆ ಫೈಲನ್ನು ಓದುತ್ತಿತ್ತು. ಸಿಗದಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಅವರು ಹಳೆಯ ಆವೃತ್ತಿಗೆ ಮರಳಿ, ನಮಗೆ ಬೈದು ಬರೆದರು.

"ಯಾರ್ನ ಕೇಳಿ ತಗದೀರಿ?" ಸೋಮವಾರ ಧಾರವಾಡದವರು ನನ್ನ ಕ್ಯೂಬಿಕಲ್‌ಗೆ ಬಂದು ನಿಂತರು.

"ನಿಮ್ಮನ್ನೇ. ಕಾಫಿ ಮಷೀನ್ ಹತ್ರ ಕೇಳ್ದೆ. ತಗೀರಿ, ಯಾರೂ ಓದಲ್ಲ ಅಂದ್ರಿ."

"ನಾ ಹಂಗ ಅಂದೇ ಇಲ್ಲ. ಸತ್ತದ್ದು ಅಂತ ಗೊತ್ತಾದ ಕೂಡ್ಲೇ ಮಣ್ಣ ಮಾಡೂದಿಲ್ರೀ ಇಲ್ಲೆ. ಹತ್ತ ಸಲ ಹೇಳೇನಿ. ಯುನಿವರ್ಸಿಟಿ ಮಂದಿಗೆ ಕಿವಿ ಎಲ್ಲಿ ಇರ್ತಾವ?"

"ಎಲ್ಲಿ ಬರ್ದಿದ್ದೀರಿ, ತೋರ್ಸಿ ಸಾರ್."

"ನೀವ ಹುಡುಕ್ರಿ."

ಶುಕ್ರವಾರ ಇಬ್ಬರೂ ಬನ್ನಿ ಎಂದರು ನಮ್ಮ ಅಮೆರಿಕನ್ ಮ್ಯಾನೇಜರ್. ಯಾರ ಒಪ್ಪಿಗೆಗೂ ಕಾಯದೆ ಕೋಡ್ ಸೇರಿಸುವ ಹಕ್ಕು ತಂಡದಲ್ಲಿ ನಾನೂ ಸೇರಿ ನಾಲ್ವರಿಗಿತ್ತು. ನಾನು ಕೇಳದೆ ಅಳಿಸಿದ್ದೆನೆಂದಾದರೆ ಮೂವರಿಗೆ ಉಳಿಯುತ್ತಿತ್ತು.

ಮೇಲ್‌ಬಾಕ್ಸ್ ಜಾಲಾಡಿದೆ. ಏನೂ ಸಿಗಲಿಲ್ಲ. ಪೂರ್ತಿ ಜಾಲಾಡಿದೆನೆ? ಇಂದು ಹೇಳಲಾರೆ. ಅವರ ಹೆಸರು ಹಾಕಿ ಹುಡುಕಿದ್ದು ನೆನಪಿದೆ. ಬಂದ ಪಟ್ಟಿಯನ್ನು ಕೊನೆಯವರೆಗೆ ಓದಿದ್ದು ನೆನಪಿಲ್ಲ. ಕಾಫಿ ಮಷೀನ್ ಬಳಿಯ ಮಾತು ಮಾತ್ರ ನಿಚ್ಚಳವಾಗಿತ್ತು: ಅವರ ಕೈಯಲ್ಲಿ ಕಾಗದದ ಲೋಟ, ಬೂಟಿಗೆ ಮೆತ್ತಿದ ಸ್ನೋ. ಅಷ್ಟು ನಿಚ್ಚಳವಾಗಿದ್ದುದೇ ಈಗ ಗುಮಾನಿ ಹುಟ್ಟಿಸುತ್ತದೆ.

ಶುಕ್ರವಾರ ಮ್ಯಾನೇಜರ್ ಎದುರು, "ಬರಹದಲ್ಲಿ ಏನೂ ಇಲ್ಲ" ಎಂದೆ. ಧಾರವಾಡದವರು ತಮ್ಮ ಲ್ಯಾಪ್‌ಟಾಪ್ ತಿರುಗಿಸಿದರು. ಹಿಂದೆ ಅವರು ನನಗೇ ಕಳಿಸಿದ್ದ ಮೇಲ್. ಫೈಲ್ ಇರಲಿ, ಓದಿದರೆ ಹಳೆಯ ಸಂಖ್ಯೆಯನ್ನೇ ಕೊಡಲಿ, ಬರೆದರೆ ಸುಮ್ಮನೆ ಒಪ್ಪಿಕೊಳ್ಳಲಿ, ಮುಟ್ಟಿದ ಪ್ರೋಗ್ರಾಮಿನ ಹೆಸರು ಎಚ್ಚರಿಕೆಯಾಗಿ ಲಾಗ್‌ನಲ್ಲಿ ಒಮ್ಮೆ ಮಾತ್ರ ಬೀಳಲಿ, ಕೆಲವು ಆವೃತ್ತಿ ಕಳೆದ ಮೇಲೆ ಅಳಿಸೋಣ. ಅದರ ಕೆಳಗೆ ನನ್ನ ಉತ್ತರ: ಸರಿ.

ಹೊರಗೆ ಬಂದು ಕೇಳಿದೆ: "ಇದನ್ನ ಸೋಮವಾರವೇ ತೋರಿಸ್ಬಹುದಿತ್ತಲ್ಲ?"

"ತೋರಸ್ಬಹುದಿತ್ತು. ನೀವು ಎಲ್ಲೀತನಕ ಹೋಗ್ತೀರಿ ನೋಡೂಣಂತ ಕೂತಿದ್ದೆ."

ನನ್ನ ಹಕ್ಕು ಹೋಯಿತು. ಅಂದು ಮಧ್ಯಾಹ್ನ ಫೈಲನ್ನು ಮರಳಿ ಸೇರಿಸುವ ಕೋಡ್ ಬರೆದು ಅವರ ಒಪ್ಪಿಗೆಗೆ ಕಳಿಸಿದೆ. ಸುಮಾರು ಇಪ್ಪತ್ತು ಸಾಲಿಗೆ ಒಂಬತ್ತು ತಕರಾರು ಬಂದವು. ಎಚ್ಚರಿಕೆ ಒಮ್ಮೆಯಲ್ಲ, ಪ್ರತಿ ಓದಿಗೂ ಬೀಳುತ್ತಿದೆ ಎನ್ನುವುದು ಮೊದಲನೆಯದು. ಒಂದನ್ನಾದರೂ ತಪ್ಪೆಂದು ತೋರಿಸಲು ಸಂಜೆಯವರೆಗೆ ಹೆಣಗಿದೆ, ಆಗಲಿಲ್ಲ. ಎಲ್ಲವನ್ನೂ ತಿದ್ದಿ ಕಳಿಸಿದೆ. ಗೋಡೆಯಾಚೆ ಅವರು ಕೀ ಒತ್ತುವ ಸದ್ದು ಕೇಳುತ್ತಿತ್ತು. ನಾನು ಕಳಿಸಿದ್ದನ್ನು ಬುಧವಾರದವರೆಗೆ ಅವರು ತೆರೆದೇ ನೋಡಲಿಲ್ಲ.