ಹಗುರವಾದ ಕಾಲುಮುಳ್ಳು

ಮರ ಹತ್ತುವವನ ಹೆಂಡತಿಗೆ ಮೊದಲು ಸವೆಯುವುದು ಕತ್ತು. ಮದುವೆಯಾದಾಗಿನಿಂದ ಮೇಲೆ ನೋಡಿಕೊಂಡೇ ನಿಂತಿದ್ದೇನೆ. ಬೇರೆ ಹೆಂಗಸರು ತಲೆಯೆತ್ತಿದರೆ ಮೋಡ ಕಾಣುತ್ತದೆ, ನನಗೆ ಒಂದು ಜೊತೆ ಕಾಲು ಕಾಣುತ್ತದೆ. ದಿನಾ ಸಾಯೋರಿಗೆ ಅಳೋರು ಯಾರು ಅನ್ನುತ್ತಾರಲ್ಲ, ಹಾಗೆ ಭಯವೂ ದಿನ ಕಳೆದಂತೆ ರೂಢಿಯಾಗುತ್ತದೆ ಎಂದು ನನಗೆ ಎಷ್ಟೋ ಜನ ಹೇಳಿದರು. ಹೇಳಿದವರು ಯಾರೂ ಮರದ ಕೆಳಗೆ ನಿಂತವರಲ್ಲ. ನನಗೆ ಇವತ್ತಿಗೂ ಗಂಡನ ಎರಡೂ ಪಾದ ನೆಲ ಮುಟ್ಟುವವರೆಗೆ ಬಾಯಲ್ಲಿ ಎಂಜಲು ಇರುವುದಿಲ್ಲ.

ನಾವಿರುವುದು ಕೆಸರೆಯಲ್ಲಿ. ನಮ್ಮ ಯಜಮಾನರ ಕಡೆಯವರು ಹಳ್ಳಿಯಲ್ಲಿ ಹೊಲದ ಜೊತೆಗೆ ತೆಂಗಿನಮರ ಹತ್ತಿ ಬದುಕಿದವರು. ಇವರು ಪಟ್ಟಣಕ್ಕೆ ಬಂದು, ಮನೆಗಳ ಮೇಲೆ ವಾಲಿದ ಮರಗಳನ್ನು ತುಂಡು ತುಂಡಾಗಿ ಇಳಿಸುವ ಕೆಲಸ ಹಿಡಿದರು. ಕೆಳಗೆ ನಾನು ಮತ್ತು ನನ್ನ ಮೈದುನ ಹಗ್ಗ ಹಿಡಿಯುತ್ತೇವೆ, ಬಿದ್ದ ಕೊಂಬೆ ಎಳೆದು ಗುಡ್ಡೆ ಹಾಕುತ್ತೇವೆ. ಉಳಿಯಬೇಕಾದ ಮರವಾದರೆ ಏಣಿ, ಹಗ್ಗ ಅಷ್ಟೆ. ತೆಗೆದೇ ಹಾಕಬೇಕಾದ ಮರವಾದರೆ ಮಾತ್ರ ಕಾಲುಮುಳ್ಳು. ಅದು ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಬರುವ ಲೋಹದ ಪಟ್ಟಿ. ಪಾದದ ಒಳಮಗ್ಗುಲಲ್ಲಿ ಕೆಳಮುಖವಾಗಿ ಒಂದು ಚೂಪಾದ ಮೊನೆ. ಅದನ್ನು ಕಾಂಡಕ್ಕೆ ಒದ್ದು ಚುಚ್ಚಿ, ಅದರ ಮೇಲೆ ಮೈಭಾರ ಬಿಟ್ಟು, ಇನ್ನೊಂದು ಕಾಲು ಎತ್ತಬೇಕು. ಒಂದು ಜೀವ ನಿಲ್ಲುವುದು ಹೆಬ್ಬೆರಳಿನಷ್ಟು ಉದ್ದದ ಆ ಕಬ್ಬಿಣದ ಮೇಲೆ.

ಅವರ ಹಳೆಯ ಜೊತೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಲಾರಿಯ ಹಳೇ ಪ್ಲೇಟಿನಿಂದ ಮಾಡಿಸಿದ್ದು. ಕೈಯಲ್ಲಿ ಎತ್ತಿದರೇ ತೋಳು ಜಗ್ಗುತ್ತಿತ್ತು. ಸಂಜೆ ಮನೆಗೆ ಬಂದು ಬಾಗಿಲಲ್ಲಿ ಕೂತು, ತರಚಿದ ಪಾದದ ಗಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಆ ವೆಲ್ಡಿಂಗಿನವನ ಏಳು ತಲೆಮಾರನ್ನೂ ಜಾಲಾಡುತ್ತಿದ್ದರು. ಆ ಬೈಗುಳ ಕೇಳಿದರೆ ನನಗೆ ನೆಮ್ಮದಿ. ಗಂಡ ಇಳಿದು ಬಂದಿದ್ದಾರೆ, ಬಾಯಿಯೂ ಸರಿಯಾಗಿದೆ, ಇನ್ನೇನು ಬೇಕು?

ಕಳೆದ ವರ್ಷ ಬೈಯುವುದು ನಿಂತಿತು. ವಯಸ್ಸಾಗುತ್ತಾ ಮನುಷ್ಯ ಮೆತ್ತಗಾದರು ಅಂದುಕೊಂಡೆ.

ಅದಕ್ಕೆ ಮೊದಲೇ ಅವರಿಗೆ ಶುಗರ್ ಇದೆಯೆಂದು ತಿಳಿದಿತ್ತು. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಮುದ್ದೆ ತಿನ್ನುವವನಿಗೆ ಯಾವ ಶುಗರ್ರು ಎಂದು ನಗುತ್ತಿದ್ದರು. ಒಂದು ಶನಿವಾರ ದೇವಸ್ಥಾನದಿಂದ ಬಂದವರ ಬಲಗಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಎಡಗಾಲಿನದು ದಾರಿಯಲ್ಲಿ ಎಲ್ಲೋ ಕಳಚಿಹೋಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಚಪ್ಪಲಿ ಕಳೆದರೆ ಶನಿ ಕಳೆದ ಹಾಗೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅದರಲ್ಲೂ ಶನಿವಾರ, ದೇವಸ್ಥಾನದ ದಾರಿಯಲ್ಲಿ! ಉಳಿದ ಚಪ್ಪಲಿಯನ್ನೂ ಯಾರೂ ಮನೆಯೊಳಗೆ ತರಬಾರದೆಂದು ಮೈದುನನೇ ಒಯ್ದು ಎಸೆದು ಬಂದ. ನಾನು ಶಾವಿಗೆ ಪಾಯಸ ಮಾಡಿದೆ. ಶುಗರ್ ಇರುವವರು ಎರಡು ಲೋಟ ಕುಡಿದರು. ಪೀಡೆ ತೊಲಗಿತು ಎಂದು ನಾವೆಲ್ಲ ಖುಷಿಯಾಗಿದ್ದೆವು.

ಹಗುರವಾದ ಕಾಲುಮುಳ್ಳು ಬರುತ್ತವೆ ಎಂದು ಪತ್ತೆ ಹಚ್ಚಿದ್ದು ನಾನೇ. ಅಷ್ಟು ಭಾರ ಕಟ್ಟಿಕೊಂಡು ಹತ್ತುವವರು ಮಧ್ಯದಲ್ಲಿ ಸುಸ್ತಾದರೆ ಏನು ಗತಿ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಕಡಕೊಳದ ಕಡೆ, ಕಾರ್ಖಾನೆಗಳಿಗೆ ಹೆಲ್ಮೆಟ್ಟು, ಗ್ಲೌಸು, ಸೇಫ್ಟಿ ಬೆಲ್ಟು ಮಾರುವ ಒಂದು ಅಂಗಡಿಯಲ್ಲಿ ತರಿಸಿಕೊಡುತ್ತಾರೆ ಎಂದು ಗೊತ್ತಾಯಿತು. ಹಟ ಹಿಡಿದು ಕರೆದುಕೊಂಡು ಹೋದೆ. ಅಂಗಡಿಯವರು ಮೂರು ಜೊತೆ ತಂದು ಸಾಲಾಗಿ ಇಟ್ಟರು. ಇವರು ಮೊದಲನೆಯದನ್ನು ಕಟ್ಟಿಕೊಂಡು ನಾಲ್ಕು ಹೆಜ್ಜೆ ಓಡಾಡಿದರು.

"ಎಂಗದೆ?" ಅಂದೆ.

"ಚೆನ್ನಾಗದೆ."

ಎರಡನೆಯದು ಕಟ್ಟಿದರು. ಅದೂ ಚೆನ್ನಾಗಿತ್ತು. ಮೂರನೆಯದು ಅಲ್ಯೂಮಿನಿಯಂ, ಎಲ್ಲಕ್ಕಿಂತ ಹಗುರ. "ಇದಂತೂ ಕಟ್ಕಂಡಂಗೇ ಇಲ್ಲ ಕಣಮ್ಮಿ. ಇದನ್ನೇ ತಗಂಬುಡಾಣ."

ಊಟದಲ್ಲಿ ಒಂದು ಹರಳು ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳಿಸುವಂತೆ ಹೇಳುವವರು ಇವರು. ಮೂರಕ್ಕೂ ಚೆನ್ನಾಗಿದೆ ಅಂದರೆ ನಾನು ನಂಬುತ್ತೇನೆಯೇ? ಬೇಗ ಎದ್ದು ಹೋಗಿ ಟೀ ಕುಡಿಯುವ ಆತುರ ಅಂದುಕೊಂಡೆ. ಸ್ಟೂಲಿನ ಮೇಲೆ ಕೂತು, ಸೀರೆಯನ್ನು ಸ್ವಲ್ಪ ಮೇಲೆ ಸಿಕ್ಕಿಸಿ, ಅದೇ ಮೂರನೆಯ ಜೊತೆಯನ್ನು ನನ್ನ ಕಾಲಿಗೇ ಕಟ್ಟಿಕೊಂಡೆ. ಅಂಗಡಿಯವರು ಪಾಪ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತರು. ನಿಜಕ್ಕೂ ಹಗುರವಾಗಿತ್ತು. ಆದರೆ ಎಡಗಾಲಿನದರಲ್ಲಿ, ಪಾದದ ಗಂಟಿನ ಹತ್ತಿರ, ಮೆತ್ತೆಯ ಒಳಗಿನಿಂದ ಒಂದು ಬೋಲ್ಟು ಮೂಳೆಗೆ ಒತ್ತುತ್ತಿತ್ತು. ಎರಡು ಹೆಜ್ಜೆ ಇಡುವಷ್ಟರಲ್ಲಿ ನನ್ನ ಮುಖ ಕಿವುಚಿತು.

"ಒಳಗೆ ಏನೋ ಚುಚ್ತದೆ ಕಣ್ರೀ. ನಿಮಗೆ ಗೊತ್ತಾಗ್ನಿಲ್ವಾ?"

"ನಿನ್ ಕಾಲೋ, ಸೌದೆ ಕಡ್ಡಿ. ಮೂಳೆ ಬುಟ್ರೆ ಇನ್ನೇನದೆ ಅಲ್ಲಿ? ನನಗೇನೂ ಇಲ್ಲ."

ನಾನೂ ನಕ್ಕುಬಿಟ್ಟೆ. ನನ್ನ ಕಾಲು ಸಣಕಲು ಎಂಬುದು ನಿಜವೇ. ಕಾಲುಮುಳ್ಳಿನ ಜೊತೆಗೆ ಹಾಕಿಕೊಳ್ಳಲು ಎತ್ತರದ ಹಿಮ್ಮಡಿಯ ಬೂಟು ಬೇಕೇ ಬೇಕು ಎಂದು ಅಂಗಡಿಯವರು ಹೇಳಿದಾಗ ಮಾತ್ರ ಇವರು ಹಿಂದೇಟು ಹಾಕಿದರು. ಕೆರ ಹಾಕಿಕೊಂಡು ಮರ ಮುಟ್ಟಬಾರದು ಎಂಬುದು ಅವರಪ್ಪ ಹಾಕಿಕೊಟ್ಟ ಕಟ್ಟಳೆ. ಅಲ್ಲಿಯವರೆಗೂ ಬರಿಗಾಲಲ್ಲೇ ಕಬ್ಬಿಣ ಕಟ್ಟಿಕೊಂಡು ಹತ್ತುತ್ತಿದ್ದರು. ಕಡೆಗೆ ನನ್ನ ಕಾಟಕ್ಕೆ ಒಪ್ಪಿ ಬೂಟೂ ಕೊಂಡರು.

ಮಾರನೆಯ ವಾರ ಜಯಲಕ್ಷ್ಮಿಪುರಂನಲ್ಲಿ ಕೆಲಸ ಸಿಕ್ಕಿತು. ಒಂದು ಮನೆಯ ಹಿತ್ತಲಿನಲ್ಲಿ ಒಣಗಿ ನಿಂತ ನೀಲಗಿರಿ, ಅಡುಗೆಮನೆಯ ಮೇಲಕ್ಕೆ ವಾಲಿತ್ತು. ಇವರು ಕಾಂಡ ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಪ್ಪಾಯ್ತು ತಾಯಿ, ಬೂಟ್ ಕಾಲಲ್ಲಿ ಹತ್ತೀನಿ," ಎಂದರು. ಸೊಂಟದ ಬೆಲ್ಟಿನ ಹಗ್ಗವನ್ನು ಕಾಂಡಕ್ಕೆ ಬಳಸಿ ಹತ್ತತೊಡಗಿದರು.

ಬೇಗ ಹತ್ತಿದರು. ಅದು ಸರಿಯೆನಿಸಲಿಲ್ಲ. ಮೊನೆ ಚುಚ್ಚಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಪಾದ ಅದುಮಿ, ಒಳಗಿನ ಗಟ್ಟಿ ಮರ ಸಿಕ್ಕಿದೆ ಎಂದು ಕಾಲಿಗೆ ತಿಳಿದ ಮೇಲೆಯೇ ಅವರು ಭಾರ ಬಿಡುತ್ತಿದ್ದುದು. ಆ ಕಾಯುವಿಕೆಯನ್ನು ನನ್ನ ಉಸಿರು ಕಲಿತುಬಿಟ್ಟಿತ್ತು. ಅವತ್ತು ಅವರು ಕಾಯಲೇ ಇಲ್ಲ. ಒದ್ದರು, ಎದ್ದರು, ಒದ್ದರು, ಎದ್ದರು. ತಾರಸಿಗಿಂತ ಮೇಲೆ ಹೋದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದೆ. ಎಡಗಾಲಿನ ಮೊನೆ ಮರದಲ್ಲಿರಲಿಲ್ಲ. ಒಣಗಿ ಬಿಟ್ಟುಕೊಂಡಿದ್ದ ತೊಗಟೆಯ ಚಕ್ಕೆಯೊಂದರಲ್ಲಿ ಸಿಕ್ಕಿಕೊಂಡಿತ್ತು. ಆ ಚಕ್ಕೆ ಕಾಂಡದಿಂದ ಮೆಲ್ಲಗೆ ಏಳುತ್ತಿತ್ತು. ಇವರು ಬಲಗಾಲನ್ನು ಕೀಳಲು ಹೊರಟಿದ್ದರು.

"ಬಲಗಾಲ್ ಎತ್ತಬ್ಯಾಡ! ನಿಲ್ಲು ಅಲ್ಲೇ!"

ಗಂಡನನ್ನು ಜೀವಮಾನದಲ್ಲಿ ಮೊದಲ ಸಲ ಏಕವಚನದಲ್ಲಿ ಕೂಗಿದ್ದೆ. ಪಕ್ಕದಲ್ಲಿ ಹಗ್ಗ ಹಿಡಿದಿದ್ದ ಮೈದುನ ಬೆಚ್ಚಿ ನನ್ನ ಮುಖ ನೋಡಿದ.

"ಏನಮ್ಮಿ ಅದು?" ಮೇಲಿನಿಂದ ಸಿಡುಕಿದರು.

"ಎಡಗಾಲು ಕೂತಿಲ್ಲ!"

"ಕೂತದೆ ಕಣೆ!"

"ಬಗ್ಗಿ ನೋಡು!"

ಬಗ್ಗಿ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಮರವನ್ನು ತಬ್ಬಿಕೊಂಡರು. ಮರ ತಬ್ಬುವುದು ಹೊಸದಾಗಿ ಹತ್ತುವವರ ಕೆಲಸ ಎಂದು ಬೇರೆಯವರನ್ನು ಆಡಿಕೊಳ್ಳುತ್ತಿದ್ದವರು ಅವರು.

"ಕೂತದೆ ಅನ್ಕಂಡಿದ್ದೆ," ಎಂದರು ಕೊನೆಗೆ. ಆ ದನಿ ನನಗೆ ಗುರುತೇ ಸಿಗಲಿಲ್ಲ.

ನಿಂತಲ್ಲೇ ನನಗೆ ಎಲ್ಲ ತಿಳಿಯಿತು. ನನ್ನ ಅತ್ತೆಗೂ ಶುಗರ್ ಇತ್ತು. ಕೊನೆಗಾಲದಲ್ಲಿ ಅವರ ಪಾದಗಳು ಮರಗಟ್ಟಿ, ಕುದಿಯುವ ನೀರು ಬಿದ್ದರೂ ಗೊತ್ತಾಗುತ್ತಿರಲಿಲ್ಲ. ನಿಂತುಹೋದ ಬೈಗುಳ, ದಾರಿಯಲ್ಲಿ ಬಿದ್ದುಹೋದ ಚಪ್ಪಲಿ, ಅಂಗಡಿಯಲ್ಲಿ ನನ್ನ ಮೂಳೆಗೆ ಮಾತ್ರ ಒತ್ತಿದ ಬೋಲ್ಟು. ಶನಿ ಹೋಯಿತೆಂದು ಪಾಯಸ ಕುಡಿಸಿದ್ದೆನಲ್ಲ, ಅವತ್ತೇ ಅದು ಮನೆಯೊಳಗೆ ಬಂದು ಕೂತಿತ್ತು.

ಬೀಳುತ್ತಾರೆ ಎಂಬ ಭಯ ನನಗೆ ಹಳೆಯದು. ಅದರ ಜೊತೆ ಸಂಸಾರ ಮಾಡಿದ್ದೇನೆ. ಇದು ಬೇರೆಯೇ ಭಯ. ಅಷ್ಟು ಎತ್ತರದಲ್ಲಿ ನಿಂತ ಮನುಷ್ಯನಿಗೆ ತನ್ನ ಕಾಲು ಎಲ್ಲಿದೆಯೆಂದು ತಿಳಿಯುತ್ತಿಲ್ಲ, ಕೆಳಗೆ ನಿಂತ ನನಗೆ ಮಾತ್ರ ಕಾಣುತ್ತಿದೆ. ನಾನು ಕಣ್ಣು ಮಿಟುಕಿಸಿದರೂ ಅವರು ಸತ್ತರು ಅನ್ನಿಸಿತು. ಚಾಮುಂಡಿಗೆ ಏನೇನು ಹರಕೆ ಹೊತ್ತೆನೋ ಒಂದೂ ನೆನಪಿಲ್ಲ.

"ಎಡಗಾಲು ಕೀಳಿ. ಇನ್ನೂ ಕೆಳಕ್ಕೆ. ಅಲ್ಲಿ ತೊಗಟೆ ಇಲ್ಲ, ಬರೀ ಮರ ಅದೆ. ಒದೀರಿ. ಇನ್ನೊಂದ್ ಸಲ ಒದೀರಿ. ಹಾಂ, ಹೋಯ್ತು ಒಳಕ್ಕೆ. ಈಗ ಬಲಗಾಲು."

ಅವರು ನಾನು ಹೇಳಿದ ಹಾಗೆ ಕೇಳಿದರು. ನನ್ನ ಮಾತನ್ನು ಅವರು ಎದುರಾಡದೆ ಕೇಳಿದ್ದು ಅದೇ ಮೊದಲು, ಅದಕ್ಕೂ ನನಗೆ ಹೆದರಿಕೆಯಾಯಿತು. ಒಂದು ಕಡೆ ಬಲಗಾಲು ಜಾರಿ ಗೇಣುದ್ದ ಕೆಳಗೆ ಕುಸಿದರು. ಬೆಲ್ಟಿನ ಹಗ್ಗ ಕಾಂಡಕ್ಕೆ ಕಚ್ಚಿಕೊಂಡಿತು. ಮೈದುನ "ಅಣ್ಣಾ" ಎಂದು ಕಿರುಚಿದ. ನಾನು ಕಿರುಚಲಿಲ್ಲ. ನಾನು ಕಿರುಚಿದರೆ ಅವರಿಗೆ ಕಾಲು ತೋರಿಸುವವರು ಯಾರು? ಎಡ, ಬಲ, ಎಡ ಎಂದು ಹೇಳುತ್ತಲೇ ಹೋದೆ. ಕಡೆಗೆ ಆ ಹೊಸ ಬೂಟುಗಳು ನೆಲದ ಮೇಲೆ ಬಂದು ನಿಂತವು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವರನ್ನು ಕೂರಿಸಿ ಪಟ್ಟಿಗಳನ್ನು ಬಿಚ್ಚಿದೆ. ಎಡಗಾಲಿನ ಬೂಟು ತೆಗೆದರೆ ಕಾಲುಚೀಲ ಗಂಟಿನ ಹತ್ತಿರ ರಕ್ತದಿಂದ ಅಂಟಿಕೊಂಡಿತ್ತು. ಬೂಟಿನ ಅಂಚಿಗಿಂತ ಸ್ವಲ್ಪ ಮೇಲೆ, ಆ ಬೋಲ್ಟು ಚರ್ಮ ಹರಿದು ಒಳಕ್ಕಿಳಿದಿತ್ತು. ಅವರು ಅದನ್ನು ಬೇರೆ ಯಾರದೋ ಕಾಲು ನೋಡುವಂತೆ ನೋಡಿದರು.

"ನೋಯ್ತಾನೇ ಇಲ್ಲ ಕಣಮ್ಮಿ. ನೋವಿಲ್ಲ ಅಂದ್ರೂ ಯಾರಾದ್ರೂ ಅಳ್ತಾರಾ?"

ನಾನು ಅಳುತ್ತಿದ್ದೇನೆ ಎಂದು ನನಗೆ ತಿಳಿದದ್ದೇ ಆಗ. ಸೆರಗಿನಲ್ಲಿ ಮುಖ ಒರೆಸಿಕೊಂಡು, ತಾಳಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ಬಿಚ್ಚಿದೆ. ಅವರ ಹಿಮ್ಮಡಿಯನ್ನು ಮಡಿಲಿಗೆ ಎಳೆದುಕೊಂಡೆ.

"ಕಣ್ ಮುಚ್ಕೊಳ್ಳಿ. ಪಿನ್ನು ಚುಚ್ತೀನಿ. ಚುಚ್ಚಿದ್ ತಕ್ಷಣ ಹೇಳಿ."

ಕಣ್ಣು ಮುಚ್ಚಿಕೊಂಡರು. ಮೈದುನ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದವನು ಮುಖ ಆಚೆ ತಿರುಗಿಸಿದ. ಇವರು ಸ್ವಲ್ಪ ಹೊತ್ತು ಕಾದರು. ಆಮೇಲೆ, ಕಣ್ಣು ಬಿಡದೆಯೇ, ನನ್ನ ಪುಕ್ಕಲುತನವನ್ನು ಯಾವಾಗಲೂ ಆಡಿಕೊಳ್ಳುವ ಅದೇ ನಗು ನಕ್ಕರು.

"ಹೆದ್ರುಕೋಬ್ಯಾಡ ಕಣೆ," ಎಂದರು. "ಚುಚ್ಚು, ನೋಡಾಣ."

ಪಿನ್ನು ಆಗಲೇ ಅರ್ಧ ಒಳಗಿತ್ತು.