ಎಸ್ಪೊಸಿಟೊ ಎಂಬ ಕುಲನಾಮ

ಕತಾರ್‌ನ ರಾಸ್ ಲಫಾನ್‌ನಲ್ಲಿ ಗ್ಯಾಸ್ ಸ್ಥಾವರಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ನಾನು ಗೇಟ್ ಪಾಸ್ ಕಚೇರಿಯಲ್ಲಿದ್ದೆ. ಅಲ್ಲಿ ಇಟಲಿಯ ಒಬ್ಬ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಇದ್ದರು. ಪ್ರತಿ ಬೆಸುಗೆಯ ಮುಂದೆ ಕನ್ನಡಕ ಒರೆಸಿಕೊಂಡು, ಅರಬಿಯಲ್ಲಿ "ಶ್ವೈ ಶ್ವೈ", ಅಂದರೆ ನಿಧಾನ ನಿಧಾನ, ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರ ತಂಡಕ್ಕೆ ಮಂಗಳೂರಿನ ಹೊಸ ಫಿಟ್ಟರ್ ಬಂದ. ಅವನ ಫಾರ್ಮಿನಲ್ಲಿ ಒಂದು ಜಾಗ ಖಾಲಿಯಿತ್ತು.

"ಅಪ್ಪನ ಹೆಸರು ಯಾಕೆ ಬರೆದಿಲ್ಲ ಮಾರಾಯ?" ಎಂದು ಕೇಳಿದೆ.

"ಗೊತ್ತಿಲ್ಲ ಸಾರ್. ನಾನು ಅನಾಥಾಶ್ರಮದಲ್ಲಿ ಬೆಳೆದದ್ದು."

ಸಾಲಿನಲ್ಲಿ ಯಾರೋ ನಕ್ಕರು. ಅವನು ಫಾರ್ಮನ್ನು ವಾಪಸ್ ಎಳೆದುಕೊಂಡ. ಜೊತೆಗಿದ್ದ ಇನ್‌ಸ್ಪೆಕ್ಟರ್ ವಿಷಯವೇನೆಂದು ನನ್ನನ್ನು ಕೇಳಿದರು. ತಿಳಿದ ಮೇಲೆ ತಮ್ಮ ಹೆಲ್ಮೆಟ್ಟಿನ ಮೇಲಿದ್ದ 'ಎಸ್ಪೊಸಿಟೊ' ಎಂಬ ಹೆಸರನ್ನು ಅವನಿಗೆ ತೋರಿಸಿದರು.

"ಹೆತ್ತವರು ಬಿಟ್ಟುಹೋದ ಮಗು ಅಂತ ಇದರ ಅರ್ಥ. ನೇಪಲ್ಸಿನ ಅನಾಥಾಲಯದ ಗೋಡೆಯಲ್ಲಿ ಹೊರಗಿನಿಂದ ಒಳಕ್ಕೆ ತಿರುಗುವ ತೊಟ್ಟಿಲಿತ್ತು. ಅದರಲ್ಲಿಟ್ಟು ಹೋದ ಮಕ್ಕಳಿಗೆ ಈ ಹೆಸರು ಕೊಡುತ್ತಿದ್ದರು. ನಮ್ಮ ಹಿರಿಯನೊಬ್ಬ ಅಂಥ ಮಗು. ಆಮೇಲೆ ಸರ್ಕಾರವೇ ಆ ಹೆಸರಿಡುವುದನ್ನು ನಿಲ್ಲಿಸಿತು. ನಾವು ಮಾತ್ರ ಬದಲಾಯಿಸಲಿಲ್ಲ."

ನಾನು ಅದನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ. ಫಿಟ್ಟರ್ ಹೆಲ್ಮೆಟ್ಟನ್ನೇ ನೋಡುತ್ತಿದ್ದ.

"ಇವನನ್ನು ಬೆಳೆಸಿದ್ದು ಯಾರು, ಕೇಳಿ," ಎಂದರು ಇನ್‌ಸ್ಪೆಕ್ಟರ್.

"ಆಶ್ರಮದ ಅಡುಗೆಯ ಸೀತಮ್ಮ," ಎಂದ ಫಿಟ್ಟರ್.

ಫಾರ್ಮನ್ನು ಅವನಿಂದ ಮತ್ತೆ ತೆಗೆದುಕೊಂಡು, ತಂದೆಯ ಹೆಸರಿನ ಜಾಗದಲ್ಲಿ ಸೀತಮ್ಮ ಎಂದೇ ಬರೆದೆ. ಕೆಳಗೆ ಇನ್‌ಸ್ಪೆಕ್ಟರ್ ಸಹಿ ಹಾಕಿದರು. ಅದು ಹೆಣ್ಣಿನ ಹೆಸರೆಂದು ಗೇಟಿನ ಅರಬ್ ಕಾವಲುಗಾರರಲ್ಲಿ ಯಾರಿಗೂ ತಿಳಿಯಲಿಲ್ಲ.